ಏಳು ದಿನದ ನೋಟಿಸು

ಸಿಡ್ನಿಗೆ ಬಂದಿಳಿದ ನಮ್ಮವರು ಮೊದಲು ಎಡವುವುದು ಬಾಡಿಗೆಯ ಲೆಕ್ಕದಲ್ಲಿ. ಇಲ್ಲಿ ಬಾಡಿಗೆ ತಿಂಗಳಿಗಲ್ಲ, ವಾರಕ್ಕೆ. 2006ರಲ್ಲಿ ನಾವು ಹಿಡಿದ ಮೊದಲ ಮನೆಯ ಬಾಡಿಗೆ ವಾರಕ್ಕೆ 250 ಡಾಲರ್. ನಾಲ್ಕರಿಂದ ಗುಣಿಸಿ ತಿಂಗಳಿಗೆ ಸಾವಿರ ಎಂದು ಬರೆದಿಟ್ಟುಕೊಂಡೆವು. ವರ್ಷಕ್ಕೆ 52 ವಾರ, 48 ಅಲ್ಲ ಎಂಬುದು ಹೊಳೆಯಲು ಮೂರು ತಿಂಗಳು ಬೇಕಾಯಿತು. ತಿಂಗಳಿಗೆ ನಿಜವಾಗಿ ಬೀಳುತ್ತಿದ್ದುದು 1,083.

ಎರಡನೆಯ ಅಚ್ಚರಿ ಅಡ್ವಾನ್ಸಿನದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು ಮನೆ ಹೊಕ್ಕವರು ನಾವು. ಇಲ್ಲಿ ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚು ಬಾಂಡ್ ಕೇಳುವಂತಿಲ್ಲ. ಆ ದುಡ್ಡೂ ಓನರ್ ಕೈಗೆ ಹೋಗುವುದಿಲ್ಲ. ನ್ಯೂ ಸೌತ್ ವೇಲ್ಸ್ ಸರ್ಕಾರದ ಫೇರ್ ಟ್ರೇಡಿಂಗ್ ಇಲಾಖೆಯಲ್ಲಿ ಜಮೆಯಾಗಿ, ಮನೆ ಬಿಡುವ ತನಕ ಅಲ್ಲೇ ಇರುತ್ತದೆ. ಇಬ್ಬರೂ ಒಪ್ಪಿದರೆ ಬಿಡುಗಡೆ, ಒಪ್ಪದಿದ್ದರೆ ಟ್ರಿಬ್ಯುನಲ್. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಓನರ್ ಹತ್ರ ನಮ್ ದುಡ್ಡೇ ಇರಲ್ವೇನೋ?" ಎಂದು ಕೇಳಿದರು. ಚಾಮರಾಜಪೇಟೆಯ ವಠಾರ ಬಿಟ್ಟಾಗ ಅವರ ಅಡ್ವಾನ್ಸ್ ಮೂರು ಕಂತಿನಲ್ಲಿ ವಾಪಸ್ ಬಂದಿತ್ತು. ಸುಣ್ಣ ಬಣ್ಣದ ಬಾಬ್ತು ಮುರಿದುಕೊಂಡಿದ್ದರು. ಕೊನೆಯ ಕಂತಿಗಾಗಿ ಅಪ್ಪ ಎಷ್ಟು ಸಲ ಆ ಗೇಟಿನ ಮುಂದೆ ನಿಂತಿದ್ದರೋ ನನಗೆ ಗೊತ್ತು, ಎರಡು ಸಲ ನಾನೂ ಜೊತೆಗಿದ್ದೆ.

ದುಡ್ಡು ಯಾರ ಕೈಯಲ್ಲಿದೆ ಎಂಬುದರ ಮೇಲೆ ಓನರ್ ಮತ್ತು ಬಾಡಿಗೆಯವರ ನಡುವಿನ ಮಾತಿನ ದನಿ ನಿಂತಿರುತ್ತದೆ. ಇದು ನನಗೆ ಬಾಡಿಗೆದಾರನಾಗಿದ್ದಾಗ ಅರ್ಥವಾಗಿದ್ದಕ್ಕಿಂತ ಹೆಚ್ಚಾಗಿ, ನಾನೇ ಒಂದು ಮನೆಯನ್ನು ಬಾಡಿಗೆಗೆ ಕೊಟ್ಟ ಮೇಲೆ ಅರ್ಥವಾಯಿತು.

ಆ ಮನೆ ಇರುವುದು ಕ್ವೇಕರ್ಸ್ ಹಿಲ್‌ನಲ್ಲಿ. ಸಿಡ್ನಿ ನಗರದ ನಡುಭಾಗದಿಂದ ಸುಮಾರು 40 ಕಿಲೋಮೀಟರ್ ವಾಯವ್ಯಕ್ಕೆ, ಬ್ಲ್ಯಾಕ್‌ಟೌನ್ ನಗರಸಭೆಯ ಸೀಮೆಯಲ್ಲಿ, ರಿಚ್ಮಂಡ್‌ಗೆ ಹೋಗುವ ರೈಲು ಹಾದಿಯ ಮೇಲಿದೆ ಈ ಬಡಾವಣೆ. ಆ ಹಾದಿ 1864ರಷ್ಟು ಹಳೆಯದು. ಮನೆಗಳು ಬಹುಪಾಲು ಎಂಬತ್ತು, ತೊಂಬತ್ತರ ದಶಕದವು: ಕಂದು ಇಟ್ಟಿಗೆಯ ಹೊರಮೈ, ಹೆಂಚಿನ ಮಾಡು, ಮುಂದೆ ಒಂದು ಚೂರು ಹುಲ್ಲು, ಹಿಂದೆ ಬಟ್ಟೆ ಒಣಹಾಕುವ ತಿರುಗುಕಂಬ. ಪಕ್ಕದಲ್ಲೇ ನೌಕಾಪಡೆಯ ನಿರಿಂಬಾ ನೆಲೆ ಇತ್ತು. 1994ರಲ್ಲಿ ಅದು ಮುಚ್ಚಿ, ಆ ಜಾಗಕ್ಕೆ ಕಾಲೇಜುಗಳು ಬಂದವು, ವಿಶ್ವವಿದ್ಯಾಲಯದ ಕ್ಯಾಂಪಸ್ ಬಂತು. ವಿದ್ಯಾರ್ಥಿಗಳು ಬಂದರು, ಅವರ ಹಿಂದೆ ನಮ್ಮಂಥವರೂ ಬಂದೆವು. ಇಂದು ಸಂಜೆ ಸ್ಟೇಷನ್ನಿನಿಂದ ನಡೆದು ಬರುವಾಗ ಒಗ್ಗರಣೆಯ ವಾಸನೆ ಯಾವ ಕಿಟಕಿಯಿಂದ ಬರುತ್ತಿದೆ ಎಂದು ಹೇಳುವುದೇ ಕಷ್ಟ, ಅಷ್ಟು ಕಿಟಕಿಗಳಿವೆ.

2011ರಲ್ಲಿ ಸಾಲ ಮಾಡಿ ಅಲ್ಲೊಂದು ಮನೆ ಕೊಂಡೆವು. 1993ರಲ್ಲಿ ಕಟ್ಟಿದ್ದು, ಮೂರು ಕೋಣೆ. ಅದಕ್ಕೆ ಮುಂಚೆ ಐದು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಿಸಿದ್ದೆವು. ಮೂರಕ್ಕೂ ನಮ್ಮ ಜೊತೆ ಬಂದದ್ದು ಒಂದು ಕುಂಡ. ಅದರಲ್ಲಿ ಕರಿಬೇವಿನ ಗಿಡ, ಸ್ನೇಹಿತರ ಮನೆಯ ಮರದ ಬೇರಿನಿಂದ ಒಡೆದ ಮರಿ. ನೆಲಕ್ಕೆ ಇಡುವ ಧೈರ್ಯ ಮಾಡಿರಲಿಲ್ಲ, ನೆಲ ನಮ್ಮದಾಗಿರಲಿಲ್ಲವಲ್ಲ. ಕ್ವೇಕರ್ಸ್ ಹಿಲ್ ಮನೆಯ ಬೀಗದ ಕೈ ಸಿಕ್ಕಿದ ವಾರವೇ ನನ್ನ ಹೆಂಡತಿ ಹಿತ್ತಲಿನ ಬೇಲಿಯ ಪಕ್ಕ, ಬಿಸಿಲು ಬೀಳುವ ಉತ್ತರದ ಕಡೆ ಗುಂಡಿ ತೋಡಿ ಅದನ್ನು ನೆಟ್ಟಳು. ಮೊದಲ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಕಡ್ಡಿಯಾಯಿತು. ಸತ್ತಿತು ಎಂದುಕೊಂಡಾಗ ಅಕ್ಟೋಬರಿನಲ್ಲಿ ಚಿಗುರಿತು.

2018ರಲ್ಲಿ ಮಾರ್ಸ್ಡನ್ ಪಾರ್ಕಿನ ಹೊಸ ಮನೆಗೆ ಹೋದಾಗ ಹಳೆಯದನ್ನು ಮಾರದೆ ಬಾಡಿಗೆಗೆ ಕೊಟ್ಟೆವು. ಪಶ್ಚಿಮ ಸಿಡ್ನಿಯ ಕನ್ನಡ ಕುಟುಂಬಗಳು ಬಾಡಿಗೆ ಮನೆಯ ಮಾಲೀಕರಾಗುವುದು ಹೆಚ್ಚಾಗಿ ಹೀಗೆಯೇ. ಯೋಜನೆ ಹಾಕಿ ಹೂಡಿಕೆ ಮಾಡಿದವರಿಗಿಂತ, ಮೊದಲ ಮನೆಯನ್ನು ಬಿಡಲಾರದೆ ಉಳಿಸಿಕೊಂಡವರೇ ನನಗೆ ಜಾಸ್ತಿ ಗೊತ್ತು. ತೆರಿಗೆ ಇಲಾಖೆಯ ಅಂಕಿಗಳೂ ಇದಕ್ಕೆ ಹತ್ತಿರ ಬರುತ್ತವೆ. ಬಾಡಿಗೆ ಮನೆಯಲ್ಲಿ ಪಾಲುಳ್ಳ ಆಸ್ಟ್ರೇಲಿಯನ್ನರು ಸುಮಾರು 22 ಲಕ್ಷ, ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನರಿಗೆ ಇರುವುದು ಒಂದೇ ಮನೆ. ಆರು ಅಥವಾ ಅದಕ್ಕಿಂತ ಹೆಚ್ಚು ಇರುವವರು ನೂರಕ್ಕೆ ಒಬ್ಬರೂ ಇಲ್ಲ. ದೇಶದ ಮೂರನೆಯ ಒಂದರಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ, ಸರ್ಕಾರಿ ವಸತಿ ತೀರಾ ಕಡಿಮೆ. ಹಾಗಾಗಿ ಈ ದೇಶದ ಬಾಡಿಗೆದಾರರ ತಲೆಯ ಮೇಲಿನ ಸೂರನ್ನು ಹಿಡಿದಿರುವವರು ನರ್ಸುಗಳು, ಮೇಷ್ಟರು, ಬಸ್ ಚಾಲಕರು, ಸಾಫ್ಟ್‌ವೇರ್ ಕೆಲಸದವರು. ವಾರದ ದಿನಗಳಲ್ಲಿ ಬೇರೆ ಉದ್ಯೋಗ, ಶನಿವಾರ ಮನೆಯ ಮಾಲೀಕತನ.

ಈಗ ಸಾಲದ ವಿಚಾರಕ್ಕೆ ಬರುತ್ತೇನೆ. ನಮ್ಮ ಕುಟುಂಬಗಳು ಹೆಚ್ಚು ಕಳೆದುಕೊಂಡಿರುವುದು ಇಲ್ಲಿಯೇ. ಬಾಡಿಗೆದಾರರಿಂದಲೂ ಅಲ್ಲ, ಮನೆ ಹಾಳಾಗಿಯೂ ಅಲ್ಲ, ಸಾಲದ ಮೇಲಿನ ನಮ್ಮ ಭಯದಿಂದ.

ಸಾಲ ಎಂಬುದು ಶೂಲ ಎಂದು ಕೇಳಿಕೊಂಡು ಬೆಳೆದವರು ನಾವು. ಕೈಗೆ ಬಂದ ಬೋನಸ್ಸು, ತೆರಿಗೆ ವಾಪಸಾತಿ, ಹಬ್ಬಕ್ಕೆ ಉಳಿಸಿದ್ದು ಎಲ್ಲವನ್ನೂ ಗೃಹಸಾಲಕ್ಕೆ ತುಂಬಿದೆವು. 3.6 ಲಕ್ಷ ಡಾಲರ್ ಸಾಲ ಏಳು ವರ್ಷದಲ್ಲಿ 40 ಸಾವಿರಕ್ಕೆ ಇಳಿದಿತ್ತು. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಹೊಸ ಮನೆಗೆಂದು ಬ್ಯಾಂಕಿನಿಂದ ಮತ್ತೆ ದೊಡ್ಡ ಸಾಲ ತೆಗೆದೆವು. ಲೆಕ್ಕಪರಿಶೋಧಕರ ಮುಂದೆ ಕುಳಿತಾಗಲೇ ನಮಗೆ ಗೊತ್ತಾಗಿದ್ದು: ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು ಮಾತ್ರ ಆದಾಯದಿಂದ ಕಳೆಯಬಹುದು, ನಾವೇ ವಾಸಿಸುವ ಮನೆಯ ಬಡ್ಡಿಗೆ ಆ ಸವಲತ್ತಿಲ್ಲ. ತೆರಿಗೆ ಇಲಾಖೆ ನೋಡುವುದು ಆ ದುಡ್ಡು ಯಾವ ಕೆಲಸಕ್ಕೆ ಬಳಕೆಯಾಯಿತು ಎಂಬುದನ್ನು. ಯಾವ ಮನೆಯನ್ನು ಅಡವಿಟ್ಟಿದ್ದೀರಿ ಎಂಬುದು ಅದಕ್ಕೆ ಮುಖ್ಯವಲ್ಲ. ಹಳೆಯ ಮನೆಯನ್ನೇ ಅಡವಿಟ್ಟು ದುಡ್ಡು ತೆಗೆದರೂ ಅದು ಹೋದದ್ದು ಹೊಸ ಮನೆಗೆ, ಆದ್ದರಿಂದ ಬಡ್ಡಿ ನಮ್ಮ ಹೆಗಲಿಗೇ.

ಅದೇ ದುಡ್ಡನ್ನು ಸಾಲಕ್ಕೆ ತುಂಬದೆ, ಸಾಲದ ಪಕ್ಕದಲ್ಲಿ ಆಫ್‌ಸೆಟ್ ಖಾತೆ ತೆರೆದು ಅದರಲ್ಲಿ ಇಟ್ಟಿದ್ದರೆ? ಅಷ್ಟು ವರ್ಷವೂ ಬಡ್ಡಿ ಅಷ್ಟೇ ಉಳಿಯುತ್ತಿತ್ತು. ಆಫ್‌ಸೆಟ್‌ನಲ್ಲಿ 3.2 ಲಕ್ಷ ಇದ್ದರೆ ಬ್ಯಾಂಕು 40 ಸಾವಿರಕ್ಕೆ ಮಾತ್ರ ಬಡ್ಡಿ ಹಾಕುತ್ತದೆ. ಆದರೆ ಸಾಲ ಕಾಗದದ ಮೇಲೆ 3.6 ಲಕ್ಷವಾಗಿಯೇ ಉಳಿದಿರುತ್ತದೆ. ಮನೆ ಬಿಡುವ ದಿನ ಆ 3.2 ಲಕ್ಷವನ್ನು ಎತ್ತಿ ಹೊಸ ಮನೆಗೆ ಹಾಕಿದ್ದರೆ, ಹಳೆಯ ಸಾಲದ ಪೂರ್ತಿ ಬಡ್ಡಿ ಬಾಡಿಗೆಯ ಖರ್ಚಿಗೆ ಸೇರುತ್ತಿತ್ತು. ಆಗಿನ ನೂರಕ್ಕೆ ನಾಲ್ಕರ ಬಡ್ಡಿಯಲ್ಲೇ ಲೆಕ್ಕ ಹಾಕಿದರೂ ವರ್ಷಕ್ಕೆ ಸುಮಾರು ಐದು ಸಾವಿರ ಡಾಲರ್ ತೆರಿಗೆ ವ್ಯತ್ಯಾಸ. ನಮಗೆ ಇದನ್ನು 2011ರಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಾಲ ತೀರಿಸುವುದಕ್ಕೂ ಸಲಹೆ ಕೇಳುತ್ತಾರೆಯೇ? ಈಗ ಹೊಸದಾಗಿ ಮನೆ ಕೊಳ್ಳುವ ಯಾವ ಜೋಡಿ ಸಿಕ್ಕರೂ ಊಟಕ್ಕೆ ಕರೆದಾದರೂ ಈ ಒಂದು ಮಾತನ್ನು ಹೇಳುತ್ತೇನೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆವು. ಮನೆಯನ್ನು ಮೊದಲ ಸಲ ಬಾಡಿಗೆಗೆ ಕೊಟ್ಟ ವಾರ ವ್ಯಾಲ್ಯುಯರ್‌ನನ್ನು ಕರೆಸಿ ಬೆಲೆ ಬರೆಸಿಟ್ಟೆವು. ವಾಸದ ಮನೆ ಬಾಡಿಗೆ ಮನೆಯಾದಾಗ, ಸಾಮಾನ್ಯವಾಗಿ ಅಂದಿನ ಮಾರುಕಟ್ಟೆ ಬೆಲೆಯೇ ಮುಂದಿನ ಲಾಭದ ಲೆಕ್ಕಕ್ಕೆ ಮೂಲವಾಗುತ್ತದೆ. ಏಳು ವರ್ಷ ನಾವಿದ್ದಾಗ ಏರಿದ ಬೆಲೆಗೆ ತೆರಿಗೆ ಇಲ್ಲ. ಮನೆ ಬಿಟ್ಟ ಮೇಲೂ ಆರು ವರ್ಷದ ತನಕ ಅದನ್ನೇ ವಾಸದ ಮನೆ ಎಂದು ಪರಿಗಣಿಸಿಕೊಳ್ಳಲು ಕಾನೂನು ಬಿಡುತ್ತದೆ, ಆದರೆ ಆ ಅವಧಿಯಲ್ಲಿ ಬೇರೆ ಮನೆಗೆ ಆ ವಿನಾಯಿತಿ ಸಿಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು.

ಊರಿನಲ್ಲಿ ಬಾಡಿಗೆ ಎಂದರೆ ಆದಾಯ. ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಪ್ರಾವಿಡೆಂಟ್ ಫಂಡಿನ ದುಡ್ಡು, ಹಳ್ಳಿಯ ಜಮೀನು ಮಾರಿದ ದುಡ್ಡು ಸೇರಿಸಿ ಮೂರಂತಸ್ತು ಕಟ್ಟಿ, ಮೇಲೆ ತಾವಿದ್ದು ಕೆಳಗಿನದನ್ನು ಬಾಡಿಗೆಗೆ ಬಿಟ್ಟವರಿಗೆ ಐದನೇ ತಾರೀಖಿಗೆ ಬರುವುದು ಪೆನ್ಷನ್ನೇ. ಇಲ್ಲಿ ನೂರಕ್ಕೆ 80ರಷ್ಟು ಬ್ಯಾಂಕಿನ ದುಡ್ಡು. ಬಾಡಿಗೆ ನಮ್ಮ ಖಾತೆಯನ್ನು ಮುಟ್ಟಿ ಬ್ಯಾಂಕಿಗೆ ಹೋಗುತ್ತದೆ, ಸಾಲದೆ ಬಂದಾಗ ಸಂಬಳದಿಂದಲೂ ಒಂದಿಷ್ಟನ್ನು ಎಳೆದುಕೊಂಡು ಹೋಗುತ್ತದೆ. ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆದು ತೆರಿಗೆ ಕಡಿಮೆ ಮಾಡಿಕೊಳ್ಳುವುದಕ್ಕೆ ನೆಗೆಟಿವ್ ಗೇರಿಂಗ್ ಎನ್ನುತ್ತಾರೆ. ಪ್ರಧಾನಿ ಹಾಕ್ ಮತ್ತು ಖಜಾನೆ ಸಚಿವ ಕೀಟಿಂಗ್ ಅವರ ಸರ್ಕಾರ 1985ರಲ್ಲಿ ಇದಕ್ಕೆ ಕಡಿವಾಣ ಹಾಕಿ 1987ರಲ್ಲಿ ಬಿಟ್ಟುಕೊಟ್ಟಿತು. 1999ರಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಆಸ್ತಿಯ ಲಾಭದಲ್ಲಿ ಅರ್ಧಕ್ಕೆ ಮಾತ್ರ ತೆರಿಗೆ ಎಂದಾಯಿತು. ಎರಡೂ ಕೂಡಿದಾಗ ಇಡೀ ದೇಶ ಮನೆಯ ಮೇಲೆ ಬಿತ್ತು. 2016 ಮತ್ತು 2019ರ ಚುನಾವಣೆಗಳಲ್ಲಿ ಲೇಬರ್ ಪಕ್ಷ ಇವನ್ನು ಮೊಟಕು ಮಾಡುತ್ತೇವೆ ಎಂದು ಹೇಳಿ ಎರಡರಲ್ಲೂ ಸೋತಿತು. ಆ ಸವಲತ್ತನ್ನು ನನ್ನ ತೆರಿಗೆ ಪತ್ರದಲ್ಲಿ ನಾನೂ ಬಳಸಿದ್ದೇನೆ. ಆದರೂ ಶನಿವಾರ ಬೆಳಿಗ್ಗೆ ಬಾಡಿಗೆ ಮನೆ ತೋರಿಸುವ ಹದಿನೈದು ನಿಮಿಷದ ಓಪನ್ ಇನ್ಸ್ಪೆಕ್ಷನ್‌ಗೆ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿರುವವರನ್ನು ಕಂಡಾಗ, ನನಗೆ ಸಿಕ್ಕ ರಿಯಾಯಿತಿಯ ಒಂದು ಪಾಲನ್ನು ಇವರು ತೆರುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಅನ್ನಿಸುವುದನ್ನು ಮುಚ್ಚಿಡಲಾರೆ.

ಸಿಡ್ನಿಯಲ್ಲಿ ಎರಡನೆಯ ಮನೆ ಕೈಗೆಟುಕದೆ ನಮ್ಮ ಅನೇಕರು ಮೆಲ್ಬರ್ನ್‌ಗೆ ಹೋದರು. ತಾವು ಹೋಗಲಿಲ್ಲ, ದುಡ್ಡನ್ನು ಕಳಿಸಿದರು. ಮೆಲ್ಬರ್ನ್‌ನ ಪಶ್ಚಿಮಕ್ಕೆ ಟಾರ್ನೀಟ್, ಟ್ರುಗನೀನಾ, ವಿಂಡಮ್ ವೇಲ್ ಎಂಬ ಬಯಲುಗಳಲ್ಲಿ ಹೊಸ ಸೈಟುಗಳು ಏಳುತ್ತಿದ್ದವು. ಅಲ್ಲೂ ಕನ್ನಡದವರ ದೊಡ್ಡ ಬಳಗ ಇರುವುದರಿಂದ ನೋಡಿಕೊಳ್ಳಲು ಯಾರಾದರೂ ಸಿಕ್ಕಾರು ಎಂಬ ಧೈರ್ಯ. ಅಂಥ ಒಂದು ಮನೆಯ ಲೆಕ್ಕವನ್ನು 2024–25ರ ತೆರಿಗೆ ವರ್ಷಕ್ಕೆ ಮಾತಿಗೆಂದು ಹಾಕಿ ನೋಡೋಣ. ಮನೆಯ ಬೆಲೆ 6.5 ಲಕ್ಷ ಡಾಲರ್, ಸಾಲ 5.2 ಲಕ್ಷ, ಬಡ್ಡಿ ನೂರಕ್ಕೆ 6. ವರ್ಷದ ಬಡ್ಡಿಯೇ 31,200. ವಾರಕ್ಕೆ 480ರಂತೆ, ಎರಡು ವಾರ ಖಾಲಿ ಬಿದ್ದರೆ, ಬಾಡಿಗೆ 24,000. ಕೌನ್ಸಿಲ್ ತೆರಿಗೆ, ನೀರಿನ ಸ್ಥಿರ ಶುಲ್ಕ, ವಿಮೆ, ಏಜೆಂಟರ ಕಮಿಷನ್, ರಿಪೇರಿ, ಭೂತೆರಿಗೆ ಸೇರಿ ಇನ್ನೊಂದು 8,000. ನಷ್ಟ 15,200. ಮೇಲಿನ ಹಂತದ ಆದಾಯಕ್ಕೆ ಮೆಡಿಕೇರ್ ಆರೋಗ್ಯ ತೆರಿಗೆ ಸೇರಿ ನೂರಕ್ಕೆ 39 ತೆರಿಗೆ ಕಟ್ಟುವವರಿಗೆ ಇದರಲ್ಲಿ ಸುಮಾರು 5,900 ವಾಪಸ್ ಬರುತ್ತದೆ. ಉಳಿದ 9,300 ಕೈಯಿಂದ ಹೋಗುವುದು, ಅಂದರೆ ವಾರಕ್ಕೆ 180ರ ಹತ್ತಿರ. ಮನೆಯ ಬೆಲೆ ಪ್ರತಿವರ್ಷ ಒಂದೂವರೆ ಪರ್ಸೆಂಟಿನಷ್ಟಾದರೂ ಏರಿದರೆ ಈ ಖರ್ಚು ಸರಿಹೋಗುತ್ತದೆ. ಏರದ ವರ್ಷಗಳನ್ನು ಮೆಲ್ಬರ್ನ್ ತೋರಿಸಿದೆ.

ಇದೇ 5.2 ಲಕ್ಷಕ್ಕೆ 2021ರಲ್ಲಿ ನೂರಕ್ಕೆ 2ರಂತೆ ಸ್ಥಿರ ಬಡ್ಡಿ ಹಿಡಿದವರು ವರ್ಷಕ್ಕೆ 10,400 ಕಟ್ಟುತ್ತಿದ್ದರು. ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಫಿಲಿಪ್ ಲೋ ಅವರು 2024ರ ತನಕ ದರ ಏರುವ ಸಂಭವ ಕಡಿಮೆ ಎಂಬ ಧಾಟಿಯಲ್ಲಿ ಹೇಳುತ್ತ ಬಂದಿದ್ದರು. 2022ರ ಮೇ ತಿಂಗಳಲ್ಲಿ 0.10ರಿಂದ ಏರಲಾರಂಭಿಸಿದ ದರ 2023ರ ನವೆಂಬರಿಗೆ 4.35 ಮುಟ್ಟಿತು. ಸ್ಥಿರ ಬಡ್ಡಿಯ ಗಡುವು ಮುಗಿದ ತಿಂಗಳು ಕಂತು ಎಷ್ಟಾಯಿತೆಂದು ಕಂಡು, ರಾತ್ರಿ ಪಾಳಿಗೆ ಊಬರ್ ಓಡಿಸಲು ಹೊರಟ ಎಂಜಿನಿಯರ್ ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರ ಮನೆಯ ಫ್ರಿಜ್ಜಿನ ಮೇಲೆ ಟಾರ್ನೀಟ್ ಮನೆಯ ಫೋಟೊ ಇತ್ತು, ಅವರು ಅದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ವಿಕ್ಟೋರಿಯಾದ ಭೂತೆರಿಗೆಯ ಸಂಗತಿಯೂ ಹೀಗೇ ಬಂದೆರಗಿತು. ವಾಸದ ಮನೆಯನ್ನು ಬಿಟ್ಟು ಉಳಿದ ನೆಲದ ಬೆಲೆ 3 ಲಕ್ಷ ಡಾಲರ್ ಮೀರದಿದ್ದರೆ ತೆರಿಗೆಯಿಲ್ಲ ಎಂದಿದ್ದದ್ದು 2024ರ ಜನವರಿಯಿಂದ 50 ಸಾವಿರಕ್ಕೆ ಇಳಿಯಿತು. 2.8 ಲಕ್ಷದ ಸೈಟಿಗೆ ಏನೂ ಕಟ್ಟದಿದ್ದವರು ಈಗ 975 ಡಾಲರ್ ಕಟ್ಟಬೇಕು. ಸಿಡ್ನಿಯಲ್ಲಿ ಮಿತಿ 10.75 ಲಕ್ಷ, ಅದರಿಂದ ಒಂದೇ ಬಾಡಿಗೆ ಮನೆಯಿರುವ ನಮ್ಮಂಥ ಅನೇಕರಿಗೆ ಆ ಬಿಲ್ ಬರುವುದೇ ಇಲ್ಲ. ವಿಕ್ಟೋರಿಯಾದಲ್ಲಿ ಮನೆಯನ್ನು ಬೀಗ ಹಾಕಿ ಇಟ್ಟರೂ ತೆರಿಗೆಯಿದೆ. ವರ್ಷದಲ್ಲಿ ಆರು ತಿಂಗಳಿಗೂ ಮೀರಿ ಖಾಲಿ ಬಿದ್ದ ಮನೆಗಳ ಮೇಲಿನ ಈ ತೆರಿಗೆ 2025ರಿಂದ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಿದೇಶದವರ ಹೆಸರಿನಲ್ಲಿ ಬೀಗ ಹಾಕಿಕೊಂಡಿರುವ ಮನೆಗಳನ್ನು ನೆನೆದಾಗ, ಇಂಥದೊಂದು ಅಲ್ಲೂ ಬೇಕು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಮೆಲ್ಬರ್ನ್‌ನಲ್ಲಿ ಭಾಷೆಯೇ ಬದಲಾಗಿದೆ. 2021ರ ಮಾರ್ಚ್ 29ರಿಂದ ಜಾರಿಗೆ ಬಂದ ಸುಧಾರಣೆಗಳು 'ಲ್ಯಾಂಡ್‌ಲಾರ್ಡ್' ಎಂಬ ಪದವನ್ನೇ ಕಾಯ್ದೆಯಿಂದ ತೆಗೆದು 'ರೆಂಟಲ್ ಪ್ರೊವೈಡರ್' ಎಂದು ಬರೆದವು. ಮನೆಯ ಒಡೆಯನಲ್ಲ, ಬಾಡಿಗೆಮನೆ ಒದಗಿಸುವವನು. ಮುಖ್ಯ ಕೋಣೆಯಲ್ಲಿ ಸ್ಥಿರವಾಗಿ ಕೂರಿಸಿದ ಹೀಟರ್ ಇರಲೇಬೇಕು, ಗ್ಯಾಸು ಮತ್ತು ವಿದ್ಯುತ್ತನ್ನು ಎರಡು ವರ್ಷಕ್ಕೊಮ್ಮೆ ಪರವಾನಗಿಯುಳ್ಳವರಿಂದ ಪರೀಕ್ಷಿಸಬೇಕು. ಟಾರ್ನೀಟ್ ಬಯಲಿನ ಜುಲೈ ಗಾಳಿಯಲ್ಲಿ ಒಂದು ರಾತ್ರಿ ಕಳೆದವರು ಹೀಟರ್ ಏಕೆ ಎಂದು ಕೇಳಲಾರರು.

ಕ್ವೇಕರ್ಸ್ ಹಿಲ್‌ಗೆ ಮರಳಿ ಬರೋಣ. ಇಲ್ಲಿಯ ಹಿತ್ತಲುಗಳ ಚಹರೆಯನ್ನೇ ಬದಲಿಸಿದ್ದು 2009ರ ಒಂದು ನಿಯಮ. 450 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನದ ಹಿಂದೆ 60 ಚದರ ಮೀಟರಿನ ಗ್ರ್ಯಾನಿ ಫ್ಲಾಟ್ ಕಟ್ಟಲು, ನಿಯಮಗಳಿಗೆ ಹೊಂದಿದರೆ, ಬೇಗ ಅನುಮತಿ ಸಿಗುವ ವ್ಯವಸ್ಥೆ ಬಂತು. ನಮ್ಮವರಿಗೆ ಇದು ಹೊಸತಲ್ಲ, ಬೆಂಗಳೂರಿನ ಔಟ್‌ಹೌಸೇ. ಆರು ತಿಂಗಳ ಬಾಣಂತನಕ್ಕೆ ಊರಿಂದ ಬರುವ ಅಪ್ಪ ಅಮ್ಮನಿಗೆಂದು ಕಟ್ಟಿ, ಅವರು ಹೋದ ಮೇಲೆ ವಿದ್ಯಾರ್ಥಿಗಳಿಗೆ ಕೊಟ್ಟವರು ಬಹಳ. ಮುಂದಿನ ಮನೆಯಲ್ಲಿ ತಾವು, ಹಿಂದಿನದರಲ್ಲಿ ಬಾಡಿಗೆಯವರು, ನಡುವೆ ಒಂದು ತುಳಸಿ ಕುಂಡ. ಬಾಡಿಗೆಗೆ ಕೊಟ್ಟಷ್ಟು ಭಾಗಕ್ಕೆ ವಾಸದ ಮನೆಯ ತೆರಿಗೆ ವಿನಾಯಿತಿ ಕಡಿತವಾಗುತ್ತದೆ ಎಂಬುದು ಮಾರುವ ದಿನ ತಿಳಿದು ಕಂಗಾಲಾದವರಿದ್ದಾರೆ. ಹಾಗೆಯೇ 1987ರ ಸೆಪ್ಟೆಂಬರ್ ಮಧ್ಯದ ನಂತರ ಕಟ್ಟಿದ ಮನೆಗೆ ವರ್ಷಕ್ಕೆ ಎರಡೂವರೆ ಪರ್ಸೆಂಟಿನಂತೆ ನಲವತ್ತು ವರ್ಷ ಸವಕಳಿ ಕಳೆಯಬಹುದೆಂದು ಖುಷಿಪಟ್ಟವರು, ಹಾಗೆ ಕಳೆದದ್ದೆಲ್ಲ ಮಾರುವಾಗ ಲಾಭಕ್ಕೆ ಸೇರಿಕೊಳ್ಳುತ್ತದೆ ಎಂಬುದನ್ನು ಮರೆತಿರುತ್ತಾರೆ.

ಹೂಡಿಕೆಯ ಸೆಮಿನಾರುಗಳ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಮನೆಯಿಂದ ಹತ್ತು ಮನೆ ಎಂದು ಹೇಳುವವರಿಗೆ ಪ್ರತಿ ಮಾರಾಟಕ್ಕೂ ಬಿಲ್ಡರ್ ಕಡೆಯಿಂದ ಎಷ್ಟು ಬರುತ್ತದೆ ಎಂದು ಎದ್ದು ಕೇಳಿ, ಅಷ್ಟು ಸಾಕು. 2018ರ ಕ್ರಿಸ್‌ಮಸ್ ಹಿಂದಿನ ದಿನ ಸಿಡ್ನಿ ಒಲಿಂಪಿಕ್ ಪಾರ್ಕಿನ ಓಪಲ್ ಟವರ್ ಬಿರುಕು ಬಿಟ್ಟು ಜನರನ್ನು ಹೊರಗೆ ಕಳಿಸಿದಾಗ, ಮುಂದಿನ ಜೂನ್‌ನಲ್ಲಿ ಮ್ಯಾಸ್ಕಾಟ್ ಟವರ್ಸ್ ಖಾಲಿಯಾದಾಗ, ಅಲ್ಲಿ ಫ್ಲಾಟ್ ಕೊಂಡಿದ್ದವರ ಸಾಲದ ಕಂತುಗಳು ನಿಂತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಬಾಗಿಲಿನ ಬಗ್ಗೆ.

ಚಾಮರಾಜಪೇಟೆಯ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ಮುಂದುಗಡೆಯ ದೊಡ್ಡ ಮನೆ ಓನರದ್ದು. ರಾತ್ರಿ ಹತ್ತಕ್ಕೆ ಮೇನ್ ಸ್ವಿಚ್ಚು ಆರಿಸುತ್ತಿದ್ದರು. ನೆಂಟರು ಎರಡು ದಿನಕ್ಕಿಂತ ಹೆಚ್ಚು ಉಳಿದರೆ "ಎಷ್ಟು ದಿನ ಇರ್ತಾರಮ್ಮಾ?" ಎಂಬ ಪ್ರಶ್ನೆ. ಓನರಮ್ಮ ಬಾಗಿಲು ತಟ್ಟದೆ ಒಳಗೆ ಬಂದು, ಅಡುಗೆ ಮನೆಯ ಗೋಡೆಗೆ ಮೊಳೆ ಹೊಡೆದಿದ್ದಾರೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ನನಗೆ ಟೈಫಾಯಿಡ್ ಬಂದಾಗ ಗಂಜಿ ತಂದುಕೊಟ್ಟದ್ದೂ ಅವರೇ, ಆಗಲೂ ಬಾಗಿಲು ತಟ್ಟಿರಲಿಲ್ಲ. ಆ ಬಾಗಿಲು ನಮ್ಮದೆಂದು ಅವರಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ.

ಇಲ್ಲಿ ನನ್ನ ಮನೆಯನ್ನು ನಾನು ವರ್ಷಕ್ಕೆ ನಾಲ್ಕು ಸಲ ಮಾತ್ರ ತಪಾಸಣೆಗೆಂದು ನೋಡಬಹುದು. ಪ್ರತಿ ಸಲವೂ ಏಳು ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕು. ಬಾಡಿಗೆಯನ್ನು ವರ್ಷಕ್ಕೊಮ್ಮೆ ಮಾತ್ರ ಏರಿಸಬಹುದು. ಹೊಗೆ ಅಲಾರಂ ವರ್ಷಕ್ಕೊಮ್ಮೆ ಪರೀಕ್ಷಿಸಿರಬೇಕು. ಬಿಸಿನೀರಿನ ಹಂಡೆ ಒಡೆದು ನಾನು ಫೋನಿಗೆ ಸಿಗದಿದ್ದರೆ, ಬಾಡಿಗೆದಾರರೇ ಸಾವಿರ ಡಾಲರ್ ತನಕ ಖರ್ಚು ಮಾಡಿ ಸರಿಮಾಡಿಸಿಕೊಳ್ಳಬಹುದು, ನಾನು ಹದಿನಾಲ್ಕು ದಿನದೊಳಗೆ ಅದನ್ನು ಕೊಡಬೇಕು. ನಮ್ಮ ಮನೆಯಲ್ಲಿ ಇದು ಒಂದು ಜುಲೈ ರಾತ್ರಿ ನಡೆಯಿತು. ಮೂರು ವರ್ಷದ ಮಗುವಿದ್ದ ಮನೆ, ಪ್ಲಂಬರ್ ಬಂದದ್ದು ಬೆಳಿಗ್ಗೆ ಆರಕ್ಕೆ. ಬಿಲ್ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಮಧ್ಯಾಹ್ನದ ಹೊತ್ತಿಗೆ, 2007ರಲ್ಲಿ ನಮ್ಮ ಬಾಡಿಗೆ ಮನೆಯ ಹಂಡೆ ಕೆಟ್ಟು ಒಂಬತ್ತು ದಿನ ಒಲೆಯ ಮೇಲೆ ನೀರು ಕಾಯಿಸಿ ಮಗಳಿಗೆ ಸ್ನಾನ ಮಾಡಿಸಿದ್ದು ನೆನಪಾಗಿ, ದುಡ್ಡು ಕಳಿಸಿದೆ.

2025ರ ಮೇ 19ರಿಂದ ನ್ಯೂ ಸೌತ್ ವೇಲ್ಸಿನಲ್ಲಿ ಕಾರಣ ಕೊಡದೆ ಬಾಡಿಗೆದಾರರನ್ನು ಬಿಡಿಸುವಂತಿಲ್ಲ. ಮನೆ ಮಾರಬೇಕು, ನಾವೇ ವಾಸಕ್ಕೆ ಬರಬೇಕು, ದೊಡ್ಡ ದುರಸ್ತಿ ಆಗಬೇಕು, ಅವರು ಕರಾರು ಮುರಿದಿರಬೇಕು, ಇಂಥ ಕಾನೂನು ಒಪ್ಪುವ ಕಾರಣ ಬೇಕು. ನಾವೇ ಬರುತ್ತೇವೆಂದು ಬಿಡಿಸಿ ತಕ್ಷಣ ಬೇರೆಯವರಿಗೆ ಕೊಡುವುದೂ ಆಗದು. ಸಾಕುಪ್ರಾಣಿಗೆ ಅನುಮತಿ ಕೇಳಿದರೆ 21 ದಿನದೊಳಗೆ ಉತ್ತರ ಕೊಡಬೇಕು. ಆ ವರ್ಷ ಒಂದು ಹಬ್ಬದ ಊಟದ ಪಂಕ್ತಿಯಲ್ಲಿ ಇದೇ ಮಾತು. "ಮನೆ ನಮ್ದೋ ಅವ್ರದ್ದೋ?" ಎಂದು ಹಿರಿಯರೊಬ್ಬರು ಕೇಳಿದರು. ಪಕ್ಕದಲ್ಲಿದ್ದ ಅವರ ಸೊಸೆ ಪಾಯಸ ಬಡಿಸುತ್ತಲೇ, "ಮಾವ, ನಾವು ನಾಲ್ಕು ವರ್ಷದಲ್ಲಿ ಮೂರು ಸಲ ಮನೆ ಖಾಲಿ ಮಾಡಿದ್ವಿ, ಪಾಪು ಸ್ಕೂಲು ಮೂರು ಸಲ ಬದಲಾಯ್ತು" ಎಂದಳು. ಅವರು ಮುಂದೆ ಮಾತಾಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೆಂಗಳೂರಿನ ಬೋರ್ಡನ್ನು ಮನಸ್ಸಿನಲ್ಲಿ ಹೊತ್ತು ತಂದವರು ನಮ್ಮಲ್ಲಿದ್ದಾರೆ. ಏಜೆಂಟರಿಗೆ ಗುಟ್ಟಾಗಿ ಯಾವ ದೇಶದವರು ಬೇಕು, ಯಾರು ಬೇಡ ಎಂದು ಹೇಳುವವರೂ ಇದ್ದಾರೆ. ಜನಾಂಗ, ಬಣ್ಣ, ಮೂಲದೇಶ ನೋಡಿ ಮನೆ ನಿರಾಕರಿಸುವುದು ಇಲ್ಲಿ 1977ರ ಕಾಯ್ದೆಯಿಂದಲೇ ಕಾನೂನುಬಾಹಿರ. ಕಾಯ್ದೆಯ ಮಾತು ಹಾಗಿರಲಿ, 2006ರಲ್ಲಿ ಹನ್ನೊಂದು ಅರ್ಜಿ ಹಾಕಿ ಹನ್ನೊಂದಕ್ಕೂ ಉತ್ತರ ಬಾರದೆ ಕುಳಿತವನು ನಾನು. ಕಾರಣ ಯಾರೂ ಹೇಳಲಿಲ್ಲ. ಹೇಳದೆಯೂ ತಿಳಿಯುತ್ತಿತ್ತು.

ಅಂದು ನಾವು ಬಾಡಿಗೆಗಿದ್ದ ಮನೆಯೊಂದನ್ನು ಬಿಡುವಾಗ ಅಡುಗೆ ಕಟ್ಟೆಯ ಮೇಲಿನ ಅರಿಶಿನದ ಕಲೆಯನ್ನು ಅಡುಗೆ ಸೋಡಾ ಹಾಕಿ ನನ್ನ ಹೆಂಡತಿ ರಾತ್ರಿ ಒಂದರ ತನಕ ಉಜ್ಜಿದ್ದಳು. ಹೊಗೆಗೂಡಿನ ಜಾಲರಿಯಲ್ಲಿ ಎಣ್ಣೆ ಜಿಡ್ಡು ಎಂದು ಬಾಂಡ್‌ನಲ್ಲಿ 180 ಡಾಲರ್ ಕಡಿದರು. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ದುಡ್ಡು ಕಡಿಯುವಂತಿಲ್ಲ ಎಂದು ಕಾನೂನು ಹೇಳುತ್ತದೆ, ನಮಗೆ ಗೊತ್ತಿರಲಿಲ್ಲ. ನಾನು ಓನರ್ ಆದ ಮೇಲೆ ಮೊದಲ ಬಾಡಿಗೆದಾರರು ಮನೆ ಬಿಟ್ಟಾಗ, ಏಜೆಂಟರು ಕಳಿಸಿದ ವರದಿಯಲ್ಲಿ ಅದೇ ಕಟ್ಟೆಯಂಥ ಕಟ್ಟೆ, ಅದೇ ಹಳದಿ ಕಲೆ. ಅವರು ನೇಪಾಳದವರು. "ಕ್ಲೇಮ್ ಮಾಡೋಣವೇ?" ಎಂದು ಒಂದು ಸಾಲಿನ ಪ್ರಶ್ನೆ. ಬಾಂಡ್ ಪೂರ್ತಿ ಬಿಟ್ಟುಕೊಡಿ ಎಂದು ಬರೆದೆ. ಬರೆಯುವ ಮುಂಚೆ ಆ ಫೋಟೊವನ್ನು ಹೆಂಡತಿಗೆ ತೋರಿಸಿದ್ದೆ. ಅವಳು ಅದನ್ನು ತುಂಬ ಹೊತ್ತು ನೋಡಿದ್ದಳು.

ಏಜೆಂಟರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಬಾಡಿಗೆಯಲ್ಲಿ ನೂರಕ್ಕೆ ಐದಾರು ಅವರದು, ಹೊಸ ಬಾಡಿಗೆದಾರರು ಬಂದಾಗ ಒಂದೆರಡು ವಾರದ ಬಾಡಿಗೆ ಬೇರೆ. ಒಬ್ಬೊಬ್ಬ ಪ್ರಾಪರ್ಟಿ ಮ್ಯಾನೇಜರ್ ಕೈಯಲ್ಲಿ ನೂರಾರು ಮನೆಗಳು, ವರ್ಷಕ್ಕೊಬ್ಬರು ಬದಲಾಗುತ್ತಾರೆ. ನನಗೂ ಬಾಡಿಗೆದಾರರಿಗೂ ನೇರ ಮಾತಿಲ್ಲ, ಅವರ ಹೆಸರು ಗೊತ್ತು, ಮುಖ ಗೊತ್ತಿಲ್ಲ. ವಠಾರದ ಓನರಮ್ಮನಿಗೆ ನಮ್ಮ ಮನೆಯ ಸಾರಿನ ಹದವೂ ಗೊತ್ತಿತ್ತು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಮೂರು ಸಲ ಗೇಟಿನ ಮುಂದೆ ನಿಂತ ಅಪ್ಪನ ಮಗನಾಗಿ ಇಂದಿನದೇ ಮೇಲು ಎನ್ನುತ್ತೇನೆ. ಗಂಜಿಯ ರುಚಿ ಮಾತ್ರ ಮರೆತಿಲ್ಲ.

ಕರಿಬೇವಿನ ಗಿಡ ಹಿತ್ತಲಲ್ಲೇ ಉಳಿಯಿತು. ನೆಲದಲ್ಲಿ ಬೇರೂರಿದ್ದನ್ನು ಕಿತ್ತರೆ ಬದುಕುವ ಭರವಸೆ ಇರಲಿಲ್ಲ. ಮಾರ್ಸ್ಡನ್ ಪಾರ್ಕಿನ ಹೊಸ ಮಣ್ಣು ಜೇಡಿ, ಅಲ್ಲಿ ನೆಟ್ಟ ಎರಡು ಮರಿಗಳೂ ಸತ್ತವು. ಅಂಗಡಿಯಲ್ಲಿ ಪ್ಯಾಕೆಟ್ಟಿಗೆ ಮೂರು ಡಾಲರ್ ಕೊಟ್ಟು ತರುತ್ತೇವೆ. ನಮ್ಮ ಮರ ಹದಿನೈದು ನಿಮಿಷದ ಹಾದಿಯಲ್ಲಿದೆ, ಸರ್ಕಾರದ ದಾಖಲೆಯಲ್ಲಿ ಆ ನೆಲ ನಮ್ಮದು. ಕರಿಬೇವು ಕೊಯ್ಯುವುದು ಮಾತ್ರ ಮಾಲೀಕ ಒಳಗೆ ಬರಲು ಕಾಯ್ದೆ ಒಪ್ಪುವ ಕಾರಣಗಳ ಪಟ್ಟಿಯಲ್ಲಿಲ್ಲ. ಬಾಡಿಗೆದಾರರು ಒಪ್ಪಿದರೆ ಯಾವಾಗ ಬೇಕಾದರೂ ಹೋಗಬಹುದು. ಆದರೆ ಮಾಲೀಕ ಕೇಳಿದರೆ ಇಲ್ಲವೆನ್ನಲು ಬಾಡಿಗೆದಾರರಿಗೆ ಎಷ್ಟು ಸಲೀಸು ಎಂಬುದು ನನಗೆ ಗೊತ್ತಿದೆ. ಅದಕ್ಕೇ ಕೇಳಿಲ್ಲ.

ಕಳೆದ ತಪಾಸಣೆಯ ವರದಿ ಬಂದಾಗ ನಾವಿಬ್ಬರೂ ಅಡುಗೆ ಮನೆಯಲ್ಲಿದ್ದೆವು. ಮೂವತ್ತು ಫೋಟೊಗಳು. ಓವನ್, ಬಚ್ಚಲು, ಕಿಟಕಿಯ ಬ್ಲೈಂಡು, ಗರಾಜಿನ ಬಾಗಿಲು, ಎಲ್ಲದರ ಕೆಳಗೂ 'ತೃಪ್ತಿಕರ'. ಹಿತ್ತಲಿನ ಫೋಟೊದಲ್ಲಿ ಬೇಲಿಯ ಪಕ್ಕ ಮರವಿತ್ತು, ಬೇಲಿಗಿಂತ ಎತ್ತರ. ಯಾರೋ ಅದರ ಬುಡಕ್ಕೆ ಅಡುಗೆಯ ತರಕಾರಿ ಸಿಪ್ಪೆ ಹಾಕಿ ಮಣ್ಣು ಏರಿಸಿದ್ದರು. ಪಕ್ಕದಲ್ಲಿ ಸಾಲಾಗಿ ನಾಲ್ಕು ಮೊಸರಿನ ಡಬ್ಬಿಗಳು. ನನ್ನ ಹೆಂಡತಿ ಕೈ ಒರೆಸಿಕೊಂಡು ಬಂದು ಫೋನಿನ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಡಬ್ಬಿಗಳಲ್ಲಿ ಮರಿಗಳಿದ್ದವು, ಬೇರಿನಿಂದ ಬಿಡಿಸಿ ನೆಟ್ಟವು, ಪ್ರತಿಯೊಂದರಲ್ಲೂ ಎರಡು ಮೂರು ಎಲೆ.